ಆರು ಜನರ ಟೇಬಲ್‌ನಲ್ಲಿ ನೋ-ಲಿಮಿಟ್ ಪೋಕರ್: ಎಲೆ ಅವೇ, ಕಾಯುವ ಬೆಲೆ ಬೇರೆ

ಒಂಬತ್ತು ಜನರ ಟೇಬಲ್‌ನಲ್ಲಿ ಒಂದು ಮಟ್ಟಕ್ಕೆ ಕೈ ಕುದುರಿದ ಮೇಲೆ ನಾನು ಮೊದಲ ಸಲ ಆರು ಜನರ ಟೇಬಲ್‌ಗೆ ಬಂದು ಕೂತೆ. ಅಭ್ಯಾಸದಂತೆ ಒಳ್ಳೆ ಎಲೆ ಬರಲಿ ಅಂತ ಕಾದೆ. ಎರಡು ಗಂಟೆ ಕಾದೆ. ಒಂದೂ ದೊಡ್ಡ ಪಾಟ್ ಸೋಲಲಿಲ್ಲ, ಯಾರ ಬ್ಲಫ್‌ಗೂ ಬೀಳಲಿಲ್ಲ. ಆದರೂ ಚಿಪ್ಸ್ ಮಂಜಿನ ಹಾಗೆ ಕರಗುತ್ತಲೇ ಇತ್ತು. ಕೊನೆಗೂ ಎಕ್ಕದ ಜೋಡಿ ಬಂತು. ಸಂಭ್ರಮದಿಂದ ರೇಸ್ ಮಾಡಿದೆ. ಐದೂ ಜನ ಸುಮ್ನೆ ಎಲೆ ಎಸೆದರು. ಎರಡು ಗಂಟೆ ಬಾಯಿ ಬಿಡದವನು ಈಗ ಬಾಯಿ ಬಿಟ್ಟರೆ ಯಾರು ಕಾಲ್ ಮಾಡ್ತಾರೆ?

ಮಾರನೇ ದಿನ ಬುದ್ಧಿ ಬಂತು ಅಂದುಕೊಂಡು ಉಲ್ಟಾ ಆಡಿದೆ. ಕಂಡ ಕಂಡ ಎಲೆಗೆಲ್ಲ ರೇಸ್. ಅರ್ಧ ಗಂಟೆಯಲ್ಲಿ ಮೂರು ಸ್ಟ್ಯಾಕ್ (ಮುಂದಿಟ್ಟುಕೊಂಡ ಚಿಪ್ಸ್) ಖಾಲಿ.

ಬಹಳ ದಿನ ಇವನ್ನು ಎರಡು ಬೇರೆ ಬೇರೆ ತಪ್ಪು ಅಂತಲೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಎರಡೂ ಒಂದೇ ತಪ್ಪು. ಎರಡೂ ದಿನ ನಾನು ಎಲ್ಲ ಕುರ್ಚಿಯಲ್ಲೂ ಒಂದೇ ಥರ ಆಡಿದ್ದೆ. ಜನ ಕಡಿಮೆ ಇದ್ದಾಗ "ಜೋರಾಗಿ ಆಡು" ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಎಲ್ಲಿ ಕೂತಾಗ ಜೋರು, ಎಲ್ಲಿ ಕೂತಾಗ ಮೆತ್ತಗೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ಲೇಖನ ಅದರ ಬಗ್ಗೆ.

ಹೋಲ್ಡೆಮ್ ನಿಯಮ ನಿಮಗೆ ಗೊತ್ತಿದೆ ಅಂತ ಇಟ್ಟುಕೊಂಡಿದ್ದೇನೆ. ಲೆಕ್ಕವೆಲ್ಲ ಕ್ಯಾಶ್ ಗೇಮ್‌ಗೆ, ಎಲ್ಲರ ಮುಂದೆ 100 ಬಿಗ್ ಬ್ಲೈಂಡ್ ಇದೆ ಅನ್ನುವ ಊಹೆಯ ಮೇಲೆ. ಬಿಗ್ ಬ್ಲೈಂಡ್ ಅನ್ನು ಇನ್ನು ಮುಂದೆ "ಬಿಬಿ" ಅನ್ನುತ್ತೇನೆ. ಹಣ ಇಟ್ಟು ಆಡುವುದಾದರೆ ನೀವಿರುವ ಕಡೆ ಕಾನೂನು ಏನನ್ನುತ್ತದೆ ಅಂತ ಮೊದಲು ನೋಡಿಕೊಳ್ಳಿ.

ಹೆಜ್ಜೆ 1: ಕಾಯುವುದಕ್ಕೆ ಎಷ್ಟು ಖರ್ಚು ಅಂತ ಲೆಕ್ಕ ಹಾಕಿ

ಒಂದು ಸುತ್ತಿಗೆ ನೀವು ಕಟ್ಟುವುದು ಒಂದೂವರೆ ಬಿಬಿ (ಬಿಗ್ ಬ್ಲೈಂಡ್ ಒಂದು, ಸ್ಮಾಲ್ ಬ್ಲೈಂಡ್ ಅರ್ಧ). ಒಂಬತ್ತು ಜನ ಇದ್ದರೆ ಅದು ಒಂಬತ್ತು ಆಟಕ್ಕೆ ಹಂಚಿ ಹೋಗುತ್ತದೆ. ಆರು ಜನ ಇದ್ದರೆ ಆರೇ ಆಟಕ್ಕೆ. ಏನೂ ಆಡದೆ ಕೂತರೆ ನೂರು ಆಟಕ್ಕೆ ಒಂಬತ್ತು ಜನರ ಟೇಬಲ್‌ನಲ್ಲಿ ಸುಮಾರು 17 ಬಿಬಿ ಹೋಗುತ್ತದೆ, ಆರು ಜನರ ಟೇಬಲ್‌ನಲ್ಲಿ 25, ನಾಲ್ಕು ಜನರಿದ್ದರೆ 37.5, ಮೂವರಿದ್ದರೆ 50. ನೂರು ಆಟಕ್ಕೆ ಐದು ಬಿಬಿ ಉಳಿಸಿಕೊಳ್ಳುವವನನ್ನು ಚೆನ್ನಾಗಿ ಆಡುತ್ತಾನೆ ಅನ್ನುತ್ತಾರೆ. ಅದರ ಪಕ್ಕ ಈ ಅಂಕಿಗಳನ್ನಿಟ್ಟು ನೋಡಿ.

ಎಕ್ಕದ ಜೋಡಿ ಸರಾಸರಿ 221 ಆಟಕ್ಕೆ ಒಂದು ಸಲ ಬರುತ್ತದೆ. ಅದಕ್ಕೇ ಕಾಯುತ್ತಾ ಕೂತರೆ ಆರು ಜನರ ಟೇಬಲ್‌ನಲ್ಲಿ ಅಷ್ಟರೊಳಗೆ 55 ಬಿಬಿ ಬ್ಲೈಂಡ್‌ಗೇ ಹೋಗಿರುತ್ತದೆ. ಅಂದರೆ ಸ್ಟ್ಯಾಕ್‌ನ ಅರ್ಧಕ್ಕಿಂತ ಜಾಸ್ತಿ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಹತ್ತರ ಜೋಡಿಯಿಂದ ಮೇಲಿನದು, ಜೊತೆಗೆ ಎಕ್ಕ-ರಾಜ, ಎಕ್ಕ-ರಾಣಿ, ಇಷ್ಟನ್ನು "ಭಾರಿ ಕೈ" ಅನ್ನೋಣ. ಇಂಥವು 1326 ಕಾಂಬೊಗಳಲ್ಲಿ (ಎರಡು ಎಲೆ ಬರಬಹುದಾದ ಒಟ್ಟು ಬಗೆಗಳಲ್ಲಿ) 62 ಇವೆ. ಎದುರಿಗೆ ಎಂಟು ಜನ ಇದ್ದರೆ ಅವರಲ್ಲಿ ಒಬ್ಬರ ಹತ್ತಿರವಾದರೂ ಭಾರಿ ಕೈ ಇರುವ ಸಾಧ್ಯತೆ ನೂರಕ್ಕೆ 32ರ ಹತ್ತಿರ. ಐದು ಜನ ಇದ್ದರೆ 21. ಇಬ್ಬರೇ ಇದ್ದರೆ 9. ಕಾಯುವ ಬೆಲೆ ಏರಿದ ಹಾಗೇ ನುಗ್ಗುವ ಅಪಾಯ ಇಳಿಯುತ್ತದೆ.

ಹೆಜ್ಜೆ 2: ಮೂರು ಕುರ್ಚಿ ಖಾಲಿ ಮಾಡಿ ನೋಡಿ

ಆರು ಜನರ ಆಟ ಹೊಸ ಆಟವೇನಲ್ಲ. ಒಂಬತ್ತು ಜನರ ಟೇಬಲ್‌ನಲ್ಲಿ ಮೊದಲ ಮೂವರು ಫೋಲ್ಡ್ ಮಾಡಿದ್ದಾರೆ ಅಂತ ಅಂದುಕೊಳ್ಳಿ. ಉಳಿದದ್ದೇ ಸಿಕ್ಸ್-ಮ್ಯಾಕ್ಸ್, ಅಂದರೆ ಆರು ಜನರ ಆಟ. ಬಟನ್ ಅದೇ ಬಟನ್. ಬಟನ್‌ಗಿಂತ ಒಂದು ಕುರ್ಚಿ ಮುಂಚಿನ ಕಟಾಫ್ ಅದೇ ಕಟಾಫ್. ಹಿಂದೆ ಎಷ್ಟು ಜನ ಉಳಿದಿದ್ದಾರೆ ಅನ್ನುವುದು ಮುಖ್ಯ, ಮುಂದೆ ಎಷ್ಟು ಜನ ಎದ್ದು ಹೋದರು ಅನ್ನುವುದಲ್ಲ. (ಮೂವರು ಫೋಲ್ಡ್ ಮಾಡಿದ್ದರೆ ಅವರ ಹತ್ತಿರ ಸಣ್ಣ ಎಲೆ ಇತ್ತು, ಹಾಗಾಗಿ ಉಳಿದವರಿಗೆ ದೊಡ್ಡ ಎಲೆ ಕೊಂಚ ಜಾಸ್ತಿ ಬಂದಿರಬಹುದು ಅಂತ ವಾದ ಮಾಡುವವರಿದ್ದಾರೆ. ನಿಜವೇ. ಆದರೆ ವ್ಯತ್ಯಾಸ ತೀರಾ ಸಣ್ಣದು, ತಲೆಯಲ್ಲಿ ಇಟ್ಟುಕೊಳ್ಳುವಷ್ಟಲ್ಲ.)

ಹಾಗಾದರೆ ಕಷ್ಟ ಯಾಕೆ? ಕಾಲು ಚಾಚಿ ಕೂರಬಹುದಾದ ಮೂರು ಕುರ್ಚಿಗಳು ಹೋಗಿಬಿಟ್ಟಿವೆ. ಒಂಬತ್ತು ಜನರ ಆಟದಲ್ಲಿ ಮುಂದಿನ ಕುರ್ಚಿಗಳಲ್ಲಿ ಕಣ್ಣು ಮುಚ್ಚಿ ಫೋಲ್ಡ್ ಮಾಡಿದರೂ ನಡೆಯುತ್ತಿತ್ತು. ಈಗ ಪ್ರತಿ ಆಟದಲ್ಲೂ ನೀವು ಬಟನ್ ಹತ್ತಿರವೋ ಬ್ಲೈಂಡ್‌ನಲ್ಲೋ ಇರುತ್ತೀರಿ. ಒಂಬತ್ತು ಜನರ ಆಟದಲ್ಲಿ ನಿಮಗೆ ಅತಿ ಕಡಿಮೆ ಅಭ್ಯಾಸ ಆಗಿದ್ದ ಸಂದರ್ಭಗಳೇ ಇಲ್ಲಿ ದಿನನಿತ್ಯದ ಕೆಲಸ.

ಹೆಜ್ಜೆ 3: ಕುರ್ಚಿಗೊಂದು ಪಟ್ಟಿ ಮಾಡಿಕೊಳ್ಳಿ

ಎರಡು ತುದಿಗಳನ್ನು ಬಾಯಿಪಾಠ ಮಾಡಿ. ನಡುವಿನದು ತಾನಾಗಿ ಬರುತ್ತದೆ.

ಮೊದಲ ಕುರ್ಚಿ, ಅಂದರೆ ಅಂಡರ್ ದ ಗನ್. ಹಿಂದೆ ಐದು ಜನ. ಇಲ್ಲಿ ಐದರ ಜೋಡಿಯಿಂದ ಮೇಲಿನ ಎಲ್ಲ ಜೋಡಿ, ಎಕ್ಕದ ಜೊತೆ ಅದೇ ಜಾತಿಯ ಯಾವುದೇ ಎಲೆ, ರಾಜ-ಹತ್ತು ಸೂಟೆಡ್‌ (ಎರಡೂ ಒಂದೇ ಜಾತಿ) ನಿಂದ ಮೇಲೆ, ರಾಣಿ-ಹತ್ತು ಸೂಟೆಡ್‌ನಿಂದ ಮೇಲೆ, ಗುಲಾಮ-ಹತ್ತು ಮತ್ತು ಹತ್ತು-ಒಂಬತ್ತು ಸೂಟೆಡ್. ಜಾತಿ ಬೇರೆಯಾದರೆ ಎಕ್ಕ-ಹತ್ತರಿಂದ ಮೇಲೆ, ರಾಜ-ಗುಲಾಮದಿಂದ ಮೇಲೆ. ಎಣಿಸಿದರೆ 208 ಕಾಂಬೊ, ನೂರಕ್ಕೆ ಹದಿನಾರರ ಹತ್ತಿರ. ಇದರಲ್ಲಿ ಹುಚ್ಚಾಟ ಏನೂ ಇಲ್ಲ, ನೋಡಿ. ಆರು ಜನರ ಆಟದಲ್ಲೂ ಮೊದಲ ಕುರ್ಚಿ ಮರ್ಯಾದಸ್ಥರ ಕುರ್ಚಿಯೇ.

ಈಗ ಬಟನ್. ಎಲ್ಲರೂ ಫೋಲ್ಡ್ ಮಾಡಿ ನಿಮ್ಮವರೆಗೆ ಬಂತು ಅನ್ನಿ. ಎಲ್ಲ ಜೋಡಿ. ಎಕ್ಕ ಇರುವ ಯಾವುದೇ ಕೈ, ಜಾತಿ ಬೇರೆಯಾದರೂ ಸರಿ. ರಾಜ, ರಾಣಿ ಸೂಟೆಡ್ ಎಲ್ಲ. ಗುಲಾಮ-ಆರು, ಹತ್ತು-ಆರು, ಒಂಬತ್ತು-ಆರು ಸೂಟೆಡ್‌ನಿಂದ ಮೇಲೆ. ಅದರ ಕೆಳಗೆ ಎಂಟು-ಆರು, ಏಳು-ಐದು, ಆರು-ನಾಲ್ಕು, ಐದು-ನಾಲ್ಕರಂಥ ಅಕ್ಕಪಕ್ಕದ ಸೂಟೆಡ್ ಎಲೆಗಳು. ಆಫ್‌ಸೂಟ್‌ನಲ್ಲಿ, ಅಂದರೆ ಜಾತಿ ಬೇರೆಯಾದಾಗ, ರಾಜ-ಎಂಟು, ರಾಣಿ-ಒಂಬತ್ತು, ಗುಲಾಮ-ಒಂಬತ್ತು, ಹತ್ತು-ಒಂಬತ್ತರವರೆಗೆ. ಇದು ನೂರಕ್ಕೆ 42ರ ಆಸುಪಾಸು. ಮೊದಲ ಕುರ್ಚಿಗಿಂತ ಎರಡೂವರೆ ಪಟ್ಟು ಜಾಸ್ತಿ. ಟೇಬಲ್ ಅದೇ, ಆಟಗಾರ ಅವನೇ. ಕುರ್ಚಿ ಮಾತ್ರ ಬದಲು.

ಮೊದಲ ಕುರ್ಚಿಯ ಪಕ್ಕದ ಹೈಜಾಕ್‌ನಲ್ಲಿ ನೂರಕ್ಕೆ 20, ಕಟಾಫ್‌ನಲ್ಲಿ 27-28 ಅಂತ ಇಟ್ಟುಕೊಂಡರೆ ಸಾಕು. ಆ ಎರಡನೇ ದಿನ ನನ್ನ ಮೂರು ಸ್ಟ್ಯಾಕ್ ಹೋದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಬಟನ್ ಪಟ್ಟಿಯನ್ನು ಮೊದಲ ಕುರ್ಚಿಯಲ್ಲಿ ಕೂತು ಆಡಿದ್ದೆ.

ಹೆಜ್ಜೆ 4: ಒಳಗೆ ಬರುವುದಾದರೆ ರೇಸ್ ಮಾಡಿಯೇ ಬನ್ನಿ

ಸುಮ್ನೆ ಒಂದು ಬಿಬಿ ಹಾಕಿ ಲಿಂಪ್ ಮಾಡುವ ಚಾಳಿ ಇದ್ದರೆ ಬಿಡಿ. ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೋಮ್ ಬ್ರೌನ್, ಟುವೊಮಾಸ್ ಸ್ಯಾಂಡ್‌ಹೋಮ್ ಅವರು ಫೇಸ್‌ಬುಕ್‌ನ ಎಐ ವಿಭಾಗದ ಜೊತೆ ಸೇರಿ ಪ್ಲುರಿಬಸ್ ಅನ್ನುವ ಪ್ರೋಗ್ರಾಂ ಮಾಡಿದರು. ಆಡಿದ್ದು ಇದೇ ಆಟ, ಆರು ಜನರ ನೋ-ಲಿಮಿಟ್ ಹೋಲ್ಡೆಮ್. ಐವರು ಪಳಗಿದ ವೃತ್ತಿಪರರ ನಡುವೆ ಕೂತು 12 ದಿನದಲ್ಲಿ 10,000 ಆಟ ಆಡಿ ಗೆದ್ದಿತು. ಅದಕ್ಕೆ ಮನುಷ್ಯರ ಆಟವನ್ನು ತೋರಿಸಿಯೇ ಇರಲಿಲ್ಲ. ತನ್ನ ಜೊತೆ ತಾನೇ ಆಡಿ ಕಲಿತದ್ದು. ಶುರುವಿನಲ್ಲಿ ಅದೂ ಲಿಂಪ್ ಮಾಡಿ ನೋಡಿತು. ಆಡುತ್ತಾ ಆಡುತ್ತಾ ಅದನ್ನು ಕೈಬಿಟ್ಟಿತು. ಸ್ಮಾಲ್ ಬ್ಲೈಂಡ್ ಒಂದನ್ನು ಬಿಟ್ಟರೆ ಉಳಿದ ಯಾವ ಕುರ್ಚಿಗೂ ಲಿಂಪ್ ಒಳ್ಳೆಯದಲ್ಲ ಅನ್ನುವ ಹಳಬರ ಮಾತೇ ಅದರ ಆಟದಲ್ಲೂ ಕಂಡಿತು. ಸ್ಮಾಲ್ ಬ್ಲೈಂಡ್ ಈಗಾಗಲೇ ಅರ್ಧ ಕಟ್ಟಿರುತ್ತಾನೆ, ಅದಕ್ಕೆ ಆ ವಿನಾಯಿತಿ.

ಎಷ್ಟಕ್ಕೆ ರೇಸ್? ಎರಡರಿಂದ ಎರಡೂವರೆ ಬಿಬಿ ಸಾಕು. ಬಟನ್‌ನಿಂದ 2.5 ಹಾಕಿದರೆ, ಮಧ್ಯದಲ್ಲಿರುವ 1.5 ಗೆಲ್ಲಲು 2.5 ಪಣ ಇಟ್ಟ ಹಾಗೆ. ನಾಲ್ಕರಲ್ಲಿ ಎರಡೂವರೆ, ಅಂದರೆ ಇಬ್ಬರೂ ನೂರಕ್ಕೆ 62.5 ಸಲ ಫೋಲ್ಡ್ ಮಾಡಿದರೆ ಎಲೆ ನೋಡದೆಯೇ ಹಾಕಿದ್ದು ವಾಪಸ್. ಎರಡಕ್ಕೇ ರೇಸ್ ಮಾಡಿದರೆ 57 ಸಾಕು. ಮೂರಕ್ಕೆ ಮಾಡಿದರೆ 67 ಬೇಕು. ಅಷ್ಟು ಫೋಲ್ಡ್ ಸಿಗದಿದ್ದರೂ ಚಿಂತೆ ಇಲ್ಲ. ಕಾಲ್ ಆದ ಮೇಲೂ ಕೊನೆಗೆ ಮಾತಾಡುವವರು ನೀವೇ.

ಎದುರು ಕೂತು ಆಡುವ ಟೇಬಲ್‌ನಲ್ಲಿ ಎರಡೂವರೆಗೆ ನಾಲ್ಕು ಜನ ಕಾಲ್ ಮಾಡಿಬಿಡುತ್ತಾರೆ. ಅಲ್ಲಿ ಮೂರು, ನಾಲ್ಕು ಮಾಡಿ. ಮುಂದೆ ಯಾರಾದರೂ ಲಿಂಪ್ ಮಾಡಿದ್ದರೆ ತಲೆಗೊಂದು ಬಿಬಿ ಸೇರಿಸಿ.

ಹೆಜ್ಜೆ 5: ಮುಂದೆ ಯಾರೋ ರೇಸ್ ಮಾಡಿದ್ದರೆ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ರೇಸ್ ಮಾಡಿದವನು ಯಾವ ಕುರ್ಚಿಯಲ್ಲಿದ್ದಾನೆ? ಎಕ್ಕ-ರಾಣಿ ಆಫ್‌ಸೂಟ್ ಹಿಡಿದಿದ್ದೀರಿ. ಒಂಬತ್ತು ಜನರಲ್ಲಿ ಮೊದಲ ಕುರ್ಚಿಯವನು ರೇಸ್ ಮಾಡಿದರೆ ಅದನ್ನು ಎಸೆದರೂ ದೊಡ್ಡ ನಷ್ಟ ಇಲ್ಲ. ಆರು ಜನರಲ್ಲಿ ಕಟಾಫ್ ರೇಸ್ ಮಾಡಿ ನೀವು ಬಟನ್‌ನಲ್ಲಿದ್ದರೆ ಅದೇ ಕೈ ಥ್ರೀ-ಬೆಟ್ (ಅವನ ರೇಸ್ ಮೇಲೆ ಮತ್ತೆ ರೇಸ್) ಮಾಡುವ ಕೈ.

ನೀವು ಅವನ ಹಿಂದೆ ಕೂತಿದ್ದರೆ ಅವನ ರೇಸ್‌ನ ಮೂರು ಪಟ್ಟು ಹಾಕಿ. ಬ್ಲೈಂಡ್‌ನಲ್ಲಿದ್ದರೆ ನಾಲ್ಕು ಪಟ್ಟು, ಅದಕ್ಕೂ ಸ್ವಲ್ಪ ಮೇಲೆ. ಮುಂದೆ ಎಲ್ಲ ಸುತ್ತಲ್ಲೂ ನೀವೇ ಮೊದಲು ಮಾತಾಡಬೇಕು. ಆ ಕಷ್ಟಕ್ಕೆ ಬೆಲೆ ಕಟ್ಟಿಸಿಕೊಳ್ಳಬೇಕಲ್ಲ.

ಥ್ರೀ-ಬೆಟ್ ಬರೀ ಭಾರಿ ಕೈಗೆ ಮಾಡಿದರೆ ಎರಡೇ ದಿನದಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ನಡುವೆ ಒಂದಿಷ್ಟು ಬ್ಲಫ್ ಬೇಕು. ಅದಕ್ಕೆ ಎಕ್ಕ-ಐದು, ಎಕ್ಕ-ನಾಲ್ಕು ಸೂಟೆಡ್ ಹೇಳಿ ಮಾಡಿಸಿದ ಎಲೆಗಳು. ಒಂದು ಎಕ್ಕ ನಿಮ್ಮ ಕೈಯಲ್ಲೇ ಇದ್ದರೆ ಎದುರಾಳಿಗೆ ಎಕ್ಕದ ಜೋಡಿ ಬರುವ ದಾರಿ ಆರರಿಂದ ಮೂರಕ್ಕೆ ಇಳಿಯುತ್ತದೆ. ಎಕ್ಕ-ರಾಜ 16ರಿಂದ 12ಕ್ಕೆ. ಅವನು ಕಾಲ್ ಮಾಡಿದರೂ ನಿಮಗೆ ಫ್ಲಶ್, ಸ್ಟ್ರೇಟ್ ಎರಡಕ್ಕೂ ದಾರಿ ಇರುತ್ತದೆ.

ಸ್ಮಾಲ್ ಬ್ಲೈಂಡ್‌ನಲ್ಲಿ ಕೂತಾಗ ನನ್ನ ನಿಯಮ ಕಟ್ಟುನಿಟ್ಟು. ಮುಂದೆ ರೇಸ್ ಬಂದಿದ್ದರೆ ಥ್ರೀ-ಬೆಟ್, ಇಲ್ಲವೇ ಫೋಲ್ಡ್. ಕಾಲ್ ಮಾಡಿದರೆ ಬಿಗ್ ಬ್ಲೈಂಡ್‌ನವನಿಗೆ ಅಗ್ಗದಲ್ಲಿ ಬಾಗಿಲು ತೆಗೆದ ಹಾಗೆ, ಮುಂದೆ ಇಬ್ಬರಿಗಿಂತಲೂ ಮೊದಲು ಮಾತಾಡಬೇಕು, ಮೇಲೆ ರೇಕ್ (ಆಟ ನಡೆಸುವವರು ಪಾಟ್‌ನಿಂದ ತೆಗೆದುಕೊಳ್ಳುವ ಪಾಲು) ಬೇರೆ.

ಇದೇ ಅಸ್ತ್ರ ನಿಮ್ಮ ಮೇಲೂ ತಿರುಗುತ್ತದೆ. ಬಟನ್‌ನಿಂದ 2.5ಕ್ಕೆ ರೇಸ್ ಮಾಡಿದಿರಿ, ಬಿಗ್ ಬ್ಲೈಂಡ್ 10.5ಕ್ಕೆ ಏರಿಸಿದ. ಅವನು ಹೊಸದಾಗಿ ಹಾಕಿದ್ದು 9.5, ಗೆಲ್ಲಲು ಹೊರಟದ್ದು 4. ನೀವು ನೂರಕ್ಕೆ 70ಕ್ಕಿಂತ ಜಾಸ್ತಿ ಸಲ ಎಸೆದರೆ ಅವನಿಗೆ ಯಾವ ಎರಡು ಎಲೆಯಾದರೂ ಲಾಭವೇ. ಹಾಗಂತ ರಾಜ-ಎಂಟು ಆಫ್‌ಸೂಟ್ ಹಿಡಿದು "ನನ್ನನ್ನೇ ಹೆದರಿಸ್ತಾನಾ" ಅಂತ ಕಾಲ್ ಮಾಡಬೇಡಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಸೆಯುವುದು ಸಹಜ. ಅಗಲವಾಗಿ ಓಪನ್ ಮಾಡಿದವನು (ಬಹಳ ಕೈಗಳಿಗೆ ಮೊದಲ ರೇಸ್ ಮಾಡಿದವನು) ಧಾರಾಳವಾಗಿ ಎಸೆಯಲೂ ಕಲಿತಿರಬೇಕು.

ಹೆಜ್ಜೆ 6: ಬಿಗ್ ಬ್ಲೈಂಡ್ ಕಾಪಾಡಿಕೊಳ್ಳಿ

ಜಾಸ್ತಿ ಹಣ ಸೋರುವುದು ಇಲ್ಲೇ, ಅದಕ್ಕೆ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಬಟನ್ 2.5ಕ್ಕೆ ರೇಸ್ ಮಾಡಿದ, ಸ್ಮಾಲ್ ಬ್ಲೈಂಡ್ ಎಸೆದ. ಮಧ್ಯದಲ್ಲಿ 4 ಬಿಬಿ ಇದೆ, ನಿಮಗೆ ಕೇಳುತ್ತಿರುವುದು ಒಂದೂವರೆ. ಒಟ್ಟು 5.5 ಆಗುವ ಪಾಟ್‌ಗೆ 1.5 ಹಾಕುತ್ತಿದ್ದೀರಿ. ನೂರಕ್ಕೆ 27 ಪಾಲು ಬಂದರೆ ಸಾಕು. ನೂರಕ್ಕೆ 42 ಕೈ ಆಡುತ್ತಿರುವವನ ಎದುರು ಅಷ್ಟು ಪಾಲು ಎಷ್ಟೋ ಕಳಪೆ ಎಲೆಗಳಿಗೂ ಇದೆ. ಫ್ಲಾಪ್ ಆದ ಮೇಲೆ ಮೊದಲು ಮಾತಾಡಬೇಕಾದ ಕಷ್ಟ, ಜೊತೆಗೆ ರೇಕ್, ಎರಡಕ್ಕೂ ಸ್ವಲ್ಪ ಕಳೆಯಿರಿ. ಆಗಲೂ ಸೂಟೆಡ್ ಎಲೆಗಳಲ್ಲಿ ಬಹುಪಾಲು, ಅಕ್ಕಪಕ್ಕದ ಆಫ್‌ಸೂಟ್ ಎಲೆಗಳು ಕಾಲ್‌ಗೆ ಯೋಗ್ಯ.

ಒಂದು ಆಟವನ್ನು ಹತ್ತಿರದಿಂದ ನೋಡಿ. ಬಿಗ್ ಬ್ಲೈಂಡ್‌ನಲ್ಲಿ ನಿಮ್ಮ ಕೈಯಲ್ಲಿ ಇಸ್ಪೀಟ್ ರಾಣಿ, ಇಸ್ಪೀಟ್ ಐದು. ಬಟನ್‌ನ 2.5ಕ್ಕೆ ಕಾಲ್ ಮಾಡಿದಿರಿ. ಪಾಟ್ 5.5.

ಫ್ಲಾಪ್: ಡೈಮಂಡ್ ರಾಣಿ, ಇಸ್ಪೀಟ್ ಏಳು, ಕಳಾವರ್ ಎರಡು. ನೀವು ಚೆಕ್. ಅವನು 1.8 ಹಾಕಿದ. ಕಾಲ್. ಪಾಟ್ 9.1.

ಟರ್ನ್: ಡೈಮಂಡ್ ಒಂಬತ್ತು. ಚೆಕ್. ಅವನು 6 ಹಾಕಿದ. ಕಾಲ್. ಪಾಟ್ 21.1.

ರಿವರ್: ಆಟಿನ್ ಮೂರು. ಚೆಕ್. ಅವನು 14 ಹಾಕಿದ.

ಕೈಯಲ್ಲಿ ದೊಡ್ಡ ಜೋಡಿ ಇದೆ, ಆದರೆ ಜೊತೆಗಿರುವುದು ಬಡಪಾಯಿ ಐದು. ಒಂಬತ್ತು ಜನರ ಆಟದ ಅಭ್ಯಾಸ ಏನನ್ನುತ್ತದೆ? "ಮೂರು ಸಲ ಹೊಡೆದಿದ್ದಾನೆ, ಬಿಡು." ಎಸೆಯುವ ಮುಂಚೆ ಎಣಿಸಿ. 14 ಹಾಕಿ 49.1 ಗೆಲ್ಲಬೇಕು, ಅಂದರೆ ನೂರಕ್ಕೆ 28.5 ಸಲ ನೀವು ಮುಂದಿದ್ದರೆ ಸಾಕು.

ಈ ಬೋರ್ಡ್‌ನಲ್ಲಿ ಸ್ಟ್ರೇಟ್ ಇಲ್ಲ, ಫ್ಲಶ್ ಇಲ್ಲ. ನಿಮ್ಮನ್ನು ಸೋಲಿಸುವ, ಮೂರು ಸಲವೂ ಹೊಡೆಯುವ ಮುಖ್ಯ ಕೈಗಳನ್ನು ಎಣಿಸೋಣ (ಲೆಕ್ಕ ಸುಲಭವಾಗಲಿ ಅಂತ ರಾಣಿ-ಒಂಬತ್ತರಂಥ ಎರಡು ಜೋಡಿಯ ಕೈಗಳನ್ನು ಬಿಟ್ಟಿದ್ದೇನೆ). ಎರಡು ರಾಣಿ ಆಗಲೇ ಕಂಡಿವೆ, ಉಳಿದಿರುವುದು ಎರಡು. ಎಕ್ಕ-ರಾಣಿ 8. ರಾಜ-ರಾಣಿ 8. ಎಕ್ಕದ ಜೋಡಿ 6, ರಾಜನ ಜೋಡಿ 6. ಒಂಬತ್ತು, ಏಳು, ಎರಡರ ಜೋಡಿಗಳು ತಲಾ 3. ರಾಣಿ ಜೋಡಿ 1. ಒಟ್ಟು 38. ಈಗ ಗುರಿ ತಪ್ಪಿದ ಕೈಗಳು. ಟರ್ನ್‌ನಲ್ಲಿ ಒಂಬತ್ತು ಬಂದಾಗ ಗುಲಾಮ-ಹತ್ತಕ್ಕೆ ಎರಡು ಕಡೆ ಬಾಯಿ ತೆರೆದ ಸ್ಟ್ರೇಟ್ ಡ್ರಾ ಸಿಕ್ಕಿತ್ತು. ಅದು ಕೂಡಲಿಲ್ಲ. ಬಟನ್‌ನವನು ಆಫ್‌ಸೂಟ್ ಗುಲಾಮ-ಹತ್ತನ್ನೂ ಓಪನ್ ಮಾಡುತ್ತಾನೆ, ಹಾಗಾಗಿ 16 ಕಾಂಬೊ. ಈ ಸರಳ ಲೆಕ್ಕದಲ್ಲಿ ಅದೊಂದೇ ಸಾಕು. 54ರಲ್ಲಿ 16 ಅಂದರೆ ನೂರಕ್ಕೆ ಸುಮಾರು 30. ಡೈಮಂಡ್ ಫ್ಲಶ್ ಡ್ರಾ, ಹತ್ತು-ಎಂಟು, ಎಂಟು-ಆರು ಇವನ್ನೆಲ್ಲ ಇನ್ನೂ ಎಣಿಸಿಯೇ ಇಲ್ಲ. ಕಾಲ್ ಮಾಡಿ.

ಆ ಬಡಪಾಯಿ ಐದರದ್ದೂ ಒಂದು ಉಪಕಾರ ಇದೆ. ನಿಮ್ಮ ಕೈಯಲ್ಲಿ ಐದರ ಬದಲು ಹತ್ತು ಇದ್ದಿದ್ದರೆ ಅವನ ಗುಲಾಮ-ಹತ್ತು 16ರಿಂದ 12ಕ್ಕೆ ಇಳಿಯುತ್ತಿತ್ತು. ಬ್ಲಫ್ ಹಿಡಿಯುವಾಗ ನೋಡುವುದಕ್ಕೆ ಚೆಂದದ ಕಿಕ್ಕರ್‌ಗಿಂತ (ಜೋಡಿಯ ಜೊತೆಗಿರುವ ಎಲೆ) ಕೆಲಸಕ್ಕೆ ಬಾರದ ಕಿಕ್ಕರ್ ಕೆಲವು ಸಲ ಮೇಲು.

ಈಗ ಇದೇ ಆಟ, ಇದೇ ಎಲೆ. ರೇಸ್ ಮಾಡಿದವನು ಮಾತ್ರ ಮೊದಲ ಕುರ್ಚಿಯವನು. ಅವನ ಪಟ್ಟಿಯಲ್ಲಿ ಎರಡರ ಜೋಡಿ ಇಲ್ಲ. ರಾಜ-ರಾಣಿಯಲ್ಲಿ ಸೂಟೆಡ್ ಮಾತ್ರ ಆಡುವ ಬಿಗಿ ಮನುಷ್ಯ ಅನ್ನೋಣ, ಅದು 2. ನಿಮ್ಮನ್ನು ಸೋಲಿಸುವ ಕೈ ಒಟ್ಟು 29. ಗುಲಾಮ-ಹತ್ತು ಸೂಟೆಡ್ 4 ಅಷ್ಟೇ. ಕೊನೆಯವರೆಗೂ ಹೊಡೆಯುವ ಡೈಮಂಡ್ ಡ್ರಾ ಅವನಿಗೆ ನಾಲ್ಕು ಅನ್ನೋಣ, ಅದನ್ನೂ ಸೇರಿಸಿ. 37ರಲ್ಲಿ 8, ನೂರಕ್ಕೆ 22. ಬೇಕಿದ್ದದ್ದು 28.5. ಎಸೆಯಿರಿ, ಬೇಜಾರಿಲ್ಲದೆ ಎಸೆಯಿರಿ.

ಟೇಬಲ್ ಮೇಲೆ ಕೂತು ಇಷ್ಟೆಲ್ಲ ಎಣಿಸಲು ಆಗುವುದಿಲ್ಲ, ನಿಜ. ನಾನೂ ಎಣಿಸುವುದಿಲ್ಲ. ಮನೆಯಲ್ಲಿ ಕೂತು ವಾರಕ್ಕೆ ಐದಾರು ಆಟವನ್ನು ಹೀಗೆ ಕಾಗದದ ಮೇಲೆ ಬಿಡಿಸಿ. ಎರಡು ತಿಂಗಳಲ್ಲಿ ಕಣ್ಣಂದಾಜು ಬರುತ್ತದೆ.

ಹೆಜ್ಜೆ 7: ಫ್ಲಾಪ್ ಆದ ಮೇಲೆ

ಜೋಡಿಯಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಜೋಡಿ ಸಿಗುವುದು ಮೂರರಲ್ಲಿ ಒಂದು ಸಲ. ನಿಮ್ಮ ಕಥೆ ಇದೇ, ಎದುರಾಳಿಯ ಕಥೆಯೂ ಇದೇ. ಒಂಬತ್ತು ಜನರ ಆಟದಲ್ಲಿ ನಾಲ್ವರು ಫ್ಲಾಪ್ ನೋಡುತ್ತಿದ್ದರು, ಯಾರಿಗಾದರೂ ಒಂದು ಏನೋ ತಗುಲಿರುತ್ತಿತ್ತು. ಇಲ್ಲಿ ಬಹಳ ಸಲ ಇಬ್ಬರೇ. ಯಾರಿಗೂ ಏನೂ ಸಿಗದ ಪಾಟ್‌ಗಳು ರಾಶಿ ರಾಶಿ. ಅವು ಯಾರು ಮೊದಲು ಕೈ ಚಾಚುತ್ತಾರೋ ಅವರಿಗೆ.

ರಾಜ-ಏಳು-ಎರಡರಂಥ ಒಣ ಫ್ಲಾಪ್‌ನಲ್ಲಿ, ರೇಸ್ ಮಾಡಿದವರು ನೀವಾಗಿದ್ದರೆ, ಪಾಟ್‌ನ ಮೂರನೇ ಒಂದು ಭಾಗ ಹಾಕಿ. ಅದು ನಾಲ್ಕರಲ್ಲಿ ಒಂದು ಸಲ ಕೆಲಸ ಮಾಡಿದರೂ ಹಾಕಿದ್ದು ವಾಪಸ್. ಒಂಬತ್ತು-ಎಂಟು-ಏಳರಂಥ ಒದ್ದೆ ಫ್ಲಾಪ್ ಬಂದರೆ ಹೀಗೆ ಕುರುಡಾಗಿ ಹಾಕಬೇಡಿ. ಅದು ಬಿಗ್ ಬ್ಲೈಂಡ್‌ನವನ ಎಲೆಗಳಿಗೆ ಜಾಸ್ತಿ ಹೊಂದುತ್ತದೆ. ಮೂವರು ಒಳಗಿದ್ದರೂ ಅಷ್ಟೇ, ಬ್ಲಫ್ ಅರ್ಧಕ್ಕೆ ಇಳಿಸಿ.

ಹೆಜ್ಜೆ 8: ಮನುಷ್ಯರನ್ನು ಓದಿ

ಒಂಬತ್ತು ಜನರಲ್ಲಿ ಒಬ್ಬನ ಜೊತೆ ಗಂಟೆಗೊಮ್ಮೆ ಮುಖಾಮುಖಿ ಆದರೆ ಹೆಚ್ಚು. ಇಲ್ಲಿ ಹತ್ತು ನಿಮಿಷಕ್ಕೊಮ್ಮೆ ಅದೇ ಮುಖ. ಹಾಗಾಗಿ ಮೊದಲ ಎರಡು ಸುತ್ತಲ್ಲಿ ಇದಿಷ್ಟು ಗಮನಿಸಿ: ಯಾರು ಬ್ಲೈಂಡ್‌ನಿಂದ ಸುಮ್ನೆ ಎಸೆಯುತ್ತಾರೆ, ಯಾರು ಥ್ರೀ-ಬೆಟ್ ಮಾಡುತ್ತಾರೆ, ಯಾರು ರಿವರ್‌ವರೆಗೂ ಕಾಲ್ ಮಾಡಿಕೊಂಡೇ ಬರುತ್ತಾರೆ.

ಎಲ್ಲದಕ್ಕೂ ಕಾಲ್ ಮಾಡುವವನ ಎದುರು ಬ್ಲಫ್ ಬೇಡವೇ ಬೇಡ. ಒಳ್ಳೆ ಕೈ ಬಂದಾಗ ದೊಡ್ಡದಾಗಿ ಹಾಕಿ, ಅಷ್ಟೇ. ಈ ಮಾತು ಎಲ್ಲರಿಗೂ ಗೊತ್ತು, ಪಾಲಿಸುವವರು ಕಡಿಮೆ. ಬ್ಲೈಂಡ್ ಬಿಟ್ಟುಕೊಡುವ ಬಿಗಿ ಮನುಷ್ಯ ಎಡಗಡೆ ಇದ್ದರೆ ಅವನ ಬ್ಲೈಂಡ್ ಮೇಲೆ ಪ್ರತಿ ಸುತ್ತೂ ಕೈ ಹಾಕಿ. ಅವನು ತಿರುಗಿ ಏರಿಸಿದ ದಿನ ಮಾತ್ರ ನಂಬಿ ಎಸೆಯಿರಿ. ಎಲ್ಲದಕ್ಕೂ ಏರಿಸುವ ಹುಚ್ಚ ಇದ್ದರೆ ಅವನಷ್ಟೇ ಹುಚ್ಚರಾಗಬೇಡಿ. ಪಟ್ಟಿ ಸ್ವಲ್ಪ ಬಿಗಿ ಮಾಡಿ, ಆದರೆ ಒಳಗೆ ಬಂದ ಮೇಲೆ ಮಧ್ಯಮ ಕೈಯಲ್ಲೂ ಕಾಲ್ ಮಾಡುವ ಧೈರ್ಯ ಇಟ್ಟುಕೊಳ್ಳಿ. ಕುರ್ಚಿ ಆರಿಸುವ ಅವಕಾಶ ಇದ್ದರೆ ಹುಚ್ಚನ ಎಡಗಡೆ ಕೂರಿ. ಅವನು ಏನು ಮಾಡುತ್ತಾನೆ ಅಂತ ನೋಡಿದ ಮೇಲೆ ನಿಮ್ಮ ಸರದಿ ಬರುತ್ತದೆ.

ಸಾಫ್ಟ್‌ವೇರ್ ಅಂಕಿಗಳನ್ನು ನೋಡುವವರಿಗೆ ಒಂದು ಸೂಚನೆ. ವಿಪಿಐಪಿ, ಅಂದರೆ ಸ್ವಂತ ಇಷ್ಟದಿಂದ ಪಾಟ್‌ಗೆ ಹಣ ಹಾಕಿದ ಲೆಕ್ಕ, ಸಿಕ್ಸ್-ಮ್ಯಾಕ್ಸ್‌ನಲ್ಲಿ 22ರಿಂದ 27ರ ನಡುವೆ ಇರುವವನು ಸಾಮಾನ್ಯವಾಗಿ ಗಟ್ಟಿ ಆಟಗಾರ. ಒಂಬತ್ತು ಜನರ ಆಟದ ಕಣ್ಣಿನಿಂದ ನೋಡಿ ಅವನನ್ನು ಸಡಿಲ ಅಂದುಕೊಳ್ಳಬೇಡಿ. ಇಪ್ಪತ್ತು ಆಟ ನೋಡಿ ಅಂಕಿ ನಂಬುವುದೂ ಬೇಡ.

ಹೆಜ್ಜೆ 9: ಹಣಕ್ಕೆ ಬೇಲಿ

ಆಡುವ ಕೈ ಜಾಸ್ತಿ, ಕೂದಲೆಳೆಯ ನಿರ್ಧಾರಗಳು ಜಾಸ್ತಿ. ಹಾಗಾಗಿ ಏರಿಳಿತವೂ ಜಾಸ್ತಿ. ಒಂಬತ್ತು ಜನರ ಆಟಕ್ಕೆ 25-30 ಬೈ-ಇನ್ (ಒಂದು ಸಲ ಟೇಬಲ್‌ಗೆ ಕೂರಲು ತರುವ ಹಣ) ಇಟ್ಟುಕೊಳ್ಳುತ್ತಿದ್ದರೆ ಇಲ್ಲಿಗೆ 40-50 ಇರಲಿ, ಅದೂ ಕಳೆದರೂ ಮನೆ ನಡೆಯುವಂಥ ಹಣ. ಒಂದು ದಿನಕ್ಕೆ ಮೂರು ಬೈ-ಇನ್ ಹೋದರೆ ಎದ್ದುಬಿಡುವುದು ನಾನು ಹಾಕಿಕೊಂಡ ಗೆರೆ. ಆ ಎರಡನೇ ದಿನ ಕಲಿಸಿದ್ದು ಅದು.

ಹೆಜ್ಜೆ 10: ಐದು, ನಾಲ್ಕು, ಮೂರು, ಎರಡು

ಆರು ಜನರ ಟೇಬಲ್ ಆರರಲ್ಲೇ ನಿಲ್ಲುವುದಿಲ್ಲ. ಒಬ್ಬ ಊಟಕ್ಕೆ ಏಳುತ್ತಾನೆ, ಇನ್ನೊಬ್ಬ ಸೋತು ಏಳುತ್ತಾನೆ. ಪ್ರತಿ ಸಲವೂ ಮುಂದಿನ ಕುರ್ಚಿಯನ್ನೇ ತೆಗೆಯಿರಿ, ಹಿಂದಿನದನ್ನಲ್ಲ. ಐದು ಜನ ಉಳಿದರೆ ಮೊದಲು ಮಾತಾಡುವವನು ಹೈಜಾಕ್‌ನ ಪಟ್ಟಿ ಆಡುತ್ತಾನೆ. ನಾಲ್ಕು ಜನರಾದರೆ ಕಟಾಫ್‌ನ ಪಟ್ಟಿ. ಮೂವರಾದರೆ ಬಟನ್, ಎರಡು ಬ್ಲೈಂಡ್, ಅಷ್ಟೇ. ಹೊಸದೇನೂ ಕಲಿಯಬೇಕಿಲ್ಲ.

ಇಬ್ಬರೇ ಉಳಿದಾಗ ಮಾತ್ರ ಒಂದು ನಿಯಮ ತಿರುಗುತ್ತದೆ. ಬಟನ್‌ನವನೇ ಸ್ಮಾಲ್ ಬ್ಲೈಂಡ್ ಕಟ್ಟುತ್ತಾನೆ. ಫ್ಲಾಪ್‌ಗೆ ಮುಂಚೆ ಅವನೇ ಮೊದಲು ಮಾತಾಡಬೇಕು, ಫ್ಲಾಪ್ ಆದ ಮೇಲೆ ಕೊನೆಗೆ. ಆಗ ಆಟಕ್ಕೆ ಸರಾಸರಿ ಮುಕ್ಕಾಲು ಬಿಬಿ ಬ್ಲೈಂಡ್‌ಗೆ ಹೋಗುತ್ತದೆ. ಆ ಬೆಲೆಗೆ ಬಟನ್‌ನಲ್ಲಿ ನೂರಕ್ಕೆ 80ರಷ್ಟು ಕೈ ಆಡಿದರೂ ತಪ್ಪಲ್ಲ. ಅದು ದುಬಾರಿ ಅನ್ನಿಸಿದರೆ, ಅಥವಾ ಎದುರಿನವನು ನಿಮಗಿಂತ ಚೆನ್ನಾಗಿ ಆಡುತ್ತಾನೆ ಅನ್ನಿಸಿದರೆ, ನಿಮ್ಮ ಬಟನ್ ಮುಗಿಸಿ ಮುಂದಿನ ಬಿಗ್ ಬ್ಲೈಂಡ್ ಬರುವ ಮುಂಚೆ ಎದ್ದುಬಿಡಿ.